ಹೊರಗಿನ ಕೊಂಡಿ

ಮುಚ್ಚುವುದರಲ್ಲಿ ಎರಡು ಬಗೆ. ಒಂದು ಬೀಗ, ಇನ್ನೊಂದು ಕೊಂಡಿ. ಬೀಗ ಹಾಕುವುದು ಮನುಷ್ಯನಿಗೆ ಹೆದರಿ. ಕೊಂಡಿ ಹಾಕುವುದು ಗಾಳಿಗೆ, ದನಕ್ಕೆ, ದಾರಿಯ ಕುಲುಕಾಟಕ್ಕೆ. ನಮ್ಮ ಮಲೆನಾಡಿನ ತೋಟಗಳ ಬಾಯಿಗೆ ಹಿಂದೆ ಇರುತ್ತಿದ್ದದ್ದು ಉಣುಗೋಲು. ಕೆಲವೆಡೆ ಅದನ್ನು ದಣಪೆ ಎನ್ನುತ್ತಾರೆ. ಎರಡು ಕಂಬ, ಅವುಗಳ ತೂತುಗಳಲ್ಲಿ ಅಡ್ಡಲಾಗಿ ಜಾರಿಸಿದ ನಾಲ್ಕು ಗಳು. ಕೈಯುಳ್ಳವರು ಯಾರಾದರೂ ಸರಿಸಿ ಬರಬಹುದು, ದನ ಬರಲಾರದು. ತೆಗೆದವನೇ ಮತ್ತೆ ಹಾಕಿ ಹೋಗಬೇಕೆಂಬ ಒಂದೇ ಕಟ್ಟಳೆಯ ಮೇಲೆ ಅದರ ಕಾವಲೆಲ್ಲ ನಿಂತಿತ್ತು.

ಹಳೆಯ ಮೋಟಾರುಗಳ ಬಾನೆಟ್ಟೂ ಉಣುಗೋಲಿನ ಜಾತಿಯದೇ. ಈಗಿನ ಕಾರುಗಳಲ್ಲಿ ಬಾನೆಟ್ಟು ತೆರೆಯುವ ಹಿಡಿ ಒಳಗೆ, ಚಾಲಕನ ಮೊಣಕಾಲಿನ ಬಳಿ ಅಡಗಿರುತ್ತದೆ. ಹಿಂದೆ ಹಾಗಿರಲಿಲ್ಲ. 1920ರ ದಶಕದ ಬೆಂಟ್ಲಿ ಪಂದ್ಯದ ಕಾರುಗಳ ಬಾನೆಟ್ಟಿನ ಮೇಲೆ ಅಗಲವಾದ ತೊಗಲಿನ ಪಟ್ಟಿಯನ್ನು, ಕುದುರೆಯ ಹೊಟ್ಟೆಪಟ್ಟಿಯಂತೆ, ಬಿಗಿದಿರುತ್ತಿದ್ದರು. 1945ರಿಂದ 1949ರವರೆಗೆ ತಯಾರಾದ ಎಂ.ಜಿ. ಟಿ.ಸಿ. ಎಂಬ ಎರಡು ಸೀಟಿನ ಓಟದ ಕಾರಿನ ಬಾನೆಟ್ಟು ನಡುವೆ ಕೀಲಿಟ್ಟುಕೊಂಡು ರೆಕ್ಕೆಗಳಂತೆ ಎರಡು ಪಕ್ಕಕ್ಕೆ ತೆರೆಯುತ್ತದೆ. ಅದರ ಹಿಡಿಗಳೂ ಹೊರಗೇ. ನಮ್ಮ ಕಾಫಿ ಸೀಮೆಯವರಿಗೆ ಇವೆಲ್ಲಕ್ಕಿಂತ ಪರಿಚಿತವಾದದ್ದು ಜೀಪು. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ಹುಟ್ಟಿ, ಸ್ವಾತಂತ್ರ್ಯದ ಮೇಲೆ ಮಹೀಂದ್ರ ಕಂಪೆನಿಯ ಕೈಯಲ್ಲಿ ನಮ್ಮದೇ ಆಗಿಹೋದ ಈ ಗಾಡಿಯ ಬಾನೆಟ್ಟಿಗೆ ಎರಡು ಪಕ್ಕದಲ್ಲೂ ಒಂದೊಂದು ಕೊಂಡಿ. ಬೀದಿಯಲ್ಲಿ ಹೋಗುವ ಮಗುವೂ ಅದನ್ನು ಬಿಚ್ಚಬಹುದು.

ಆ ಕೊಂಡಿ ನನಗೊಂದು ಪಾಠ ಕಲಿಸಿದೆ. ಹೇಳಿಕೊಳ್ಳಲು ಹೆಮ್ಮೆಯ ಸಂಗತಿಯಲ್ಲ.

ಹಲವು ವರ್ಷಗಳ ಹಿಂದಿನ ಮಾತು. ಮೂಡಿಗೆರೆಯಿಂದ ಕಳಸಕ್ಕೆ ಹೊರಟಿದ್ದೆ. ಜೊತೆಯಲ್ಲಿ ತೋಟದ ಹುಡುಗನೊಬ್ಬನಿದ್ದ. ಗಾಡಿಗೆ ನೀರು, ಎಣ್ಣೆ ನೋಡುವುದು ಅವನ ಕೆಲಸ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆಂದು ನಿಲ್ಲಿಸಿದೆವು. ತಿಂದು ಮತ್ತೆ ಕಳಸದ ದಾರಿ ಹಿಡಿದು ಐದಾರು ಮೈಲಿ ಹೋಗಿದ್ದೇವೋ ಇಲ್ಲವೋ, ತಿರುವೊಂದರಲ್ಲಿ ಗುಂಡಿಗೆ ಚಕ್ರ ಬಿದ್ದು ಗಾಡಿ ಎಗರಿತು. ಬಾನೆಟ್ಟು ಧಡಾರೆಂದು ಮೇಲೆದ್ದು ಗಾಜಿಗೆ ಬಡಿಯಿತು. ಜೀಪಿನ ಬಾನೆಟ್ಟಿನ ಕೀಲು ಗಾಜಿನ ಕಡೆಗಿರುವುದರಿಂದ, ಕೊಂಡಿ ತಪ್ಪಿದರೆ ಎದುರುಗಾಳಿ ಅದನ್ನು ಹಾಗೆಯೇ ಎತ್ತಿ ಒಗೆಯುತ್ತದೆ. ಕಣ್ಣೆದುರು ಹಸುರು ತಗಡಲ್ಲದೆ ಬೇರೇನೂ ಇಲ್ಲ. ದಾರಿಯನ್ನು ನೆನಪಿನಿಂದಲೇ ಹಿಡಿದು ಬ್ರೇಕು ಒತ್ತಿದೆ. ಇಳಿದು ನೋಡಿದರೆ ಮೂರು ಮಾರು ಮುಂದೆ, ಶಾಲೆಗೆ ಹೊರಟ ನಾಲ್ಕು ಮಕ್ಕಳು ಕೊಡೆ ಹಿಡಿದು ದರೆಗೆ ಒತ್ತಿಕೊಂಡು ನಿಂತಿದ್ದರು.

ನನ್ನ ಹೆದರಿಕೆಯೆಲ್ಲ ಕೋಪವಾಗಿ ಹುಡುಗನ ಮೇಲೆ ಬಿತ್ತು. ಆ ಮಕ್ಕಳ ಎದುರಿಗೇ ಆಡಬಾರದ ಮಾತೆಲ್ಲ ಆಡಿದೆ. "ಮನೇಲಿ ಹಾಕಿದ್ದೆ ಅಯ್ಯಾ, ಎರಡೂ ಕಡೆ," ಎಂದಷ್ಟೇ ಅವನು ಹೇಳಿದ. ಸುಳ್ಳು ಎಂದೆ. ಆ ತಿಂಗಳು ಮುಗಿಯುವುದರೊಳಗೆ ಅವನು ಕೆಲಸ ಬಿಟ್ಟು ಹೋದ.

ನೆನಪು ಎಷ್ಟು ಅನುಕೂಲಸಿಂಧು ನೋಡಿ. ನಿಜಸಂಗತಿ ನನಗೆ ಹೊಳೆದದ್ದು ಅವನು ಹೋದ ಮೇಲೆ. ಕೊಟ್ಟಿಗೆಹಾರದಲ್ಲಿ ಹುಡುಗ ಇನ್ನೂ ಹೋಟೆಲಿನ ಒಳಗಿದ್ದಾಗ ಎಂಜಿನ್ನು ಕಾದಿದೆಯೆಂದು ಬಾನೆಟ್ಟು ತೆರೆದವನು ನಾನು. ಅಷ್ಟರಲ್ಲಿ ಮಳೆ ಹೊಡೆಯಿತು. ನನ್ನ ಪಕ್ಕದ ಕೊಂಡಿ ಸಿಕ್ಕಿಸಿ ಒಳಗೆ ಓಡಿ ಕುಳಿತೆ. ಆಚೆ ಪಕ್ಕ ಆಚೆಯವನದೆಂದು ಮನಸ್ಸು ತಾನೇ ತೀರ್ಮಾನಿಸಿತ್ತೋ ಏನೋ. ಒಂದೇ ಕೊಂಡಿ ಐದು ಮೈಲಿಯ ಕುಲುಕಾಟವನ್ನು ತಡೆದದ್ದೇ ಹೆಚ್ಚು.

ವರ್ಷದ ಮೇಲೆ ಅವನು ಚಿಕ್ಕಮಗಳೂರಿನ ಗ್ಯಾರೇಜೊಂದರಲ್ಲಿ ಸಿಕ್ಕಿದ. "ಅವತ್ತಿನ ತಪ್ಪು ನನ್ನದು ಕಣಯ್ಯ," ಎಂದೆ. ಅವನು ಕೈಯ ಗ್ರೀಸು ಒರೆಸಿಕೊಳ್ಳುತ್ತ, "ಗೊತ್ತಿತ್ತು ಅಯ್ಯಾ. ನೀವು ಬಾನೆಟ್ ತೆಗೆದದ್ದು ಹೋಟ್ಲಿಂದ ಕಾಣ್ತಿತ್ತು," ಎಂದ. ಹಾಗಾದರೆ ಹತ್ತುವ ಮೊದಲು ಆಚೆ ಕೊಂಡಿಯನ್ನೊಮ್ಮೆ ನೋಡಬಾರದಿತ್ತೇ ಎಂದು ಕೇಳಿದೆ. "ನೀವು ಹಾಕಿದ ಮೇಲೆ ನಾ ನೋಡೋದು ಹ್ಯಾಗೆ ಅಯ್ಯಾ?"

ಈ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಒಬ್ಬರು ಹಾಕಿದ ಕೊಂಡಿಯನ್ನು ಇನ್ನೊಬ್ಬರು ಮುಟ್ಟಿ ನೋಡುವುದು ಅಪನಂಬಿಕೆಯೇ? ಅಲ್ಲವೆಂದು ನನಗೆ ತೋರುತ್ತದೆ. ಅಪನಂಬಿಕೆಯ ಸಾಧನ ಬೀಗ. ಕೊಂಡಿಯನ್ನು ಮುಟ್ಟಿ ನೋಡುವವನು ನನ್ನ ಪ್ರಾಮಾಣಿಕತೆಯನ್ನು ಸಂಶಯಿಸುವುದಿಲ್ಲ. ಎಲ್ಲ ಕೈಗೂ ಇರುವ ಮರೆವನ್ನು ನೆನೆಯುತ್ತಾನೆ, ಅಷ್ಟೆ. ಆದರೆ ಹುಡುಗ ಹಾಕಿದ್ದನ್ನು ನಾನು ದಿನವೂ ಎಳೆದು ನೋಡುತ್ತಿದ್ದೆ. ಅದಕ್ಕೆ ಜಾಗರೂಕತೆ ಎಂದು ಹೆಸರಿಟ್ಟುಕೊಂಡಿದ್ದೆ. ನಾನು ಹಾಕಿದ್ದನ್ನು ಅವನು ನೋಡಿದ್ದರೆ ಅದಕ್ಕೆ ಅಧಿಕಪ್ರಸಂಗವೆಂಬ ಹೆಸರು ಬರುತ್ತಿತ್ತು. ಮರೆತದ್ದು ನನ್ನ ಸಣ್ಣ ತಪ್ಪು. ನನ್ನ ಮರೆವನ್ನು ತಿದ್ದುವ ಧೈರ್ಯ ಯಾರಿಗೂ ಇಲ್ಲದಂತೆ ಬಾಳಿದ್ದು ದೊಡ್ಡ ತಪ್ಪು. ಆ ನಾಲ್ಕು ಮಕ್ಕಳ ಜೀವ ತೂಗಾಡಿದ್ದು ಎರಡನೆಯದರ ಮೇಲೆ.

2016ರಲ್ಲಿ ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಷಿಪ್ಪಿನ ಒಂದು ಸುತ್ತು ಚಿಕ್ಕಮಗಳೂರಿನ ತೋಟದ ದಾರಿಗಳಲ್ಲಿ ನಡೆದಾಗ ನೋಡಲು ಹೋಗಿದ್ದೆ. ಆ ಕಾರುಗಳಿಗೆ ಒಂದು ನಿಯಮವಿದೆ: ಬಾನೆಟ್ಟಿಗೂ ಡಿಕ್ಕಿಗೂ ತಲಾ ಎರಡಾದರೂ ಹೊರಗಿನ ಕೊಂಡಿಗಳಿರಬೇಕು, ಕಾರ್ಖಾನೆಯಿಂದ ಬಂದ ಮೂಲ ಲಾಕನ್ನು ತೆಗೆದುಹಾಕಬೇಕು, ಇಲ್ಲವೆ ಕೆಲಸಕ್ಕೆ ಬಾರದಂತೆ ಮಾಡಬೇಕು. ಅಪಘಾತವಾಗಿ ಬೆಂಕಿ ಹೊತ್ತಿದರೆ, ಓಡಿಬಂದ ಅಪರಿಚಿತನೂ ಹೊರಗಿನಿಂದಲೇ ತೆರೆಯುವಂತಿರಬೇಕು. ಅತಿ ವೇಗದ ಗಾಡಿಗೆ ಕೊನೆಗೆ ಬೇಕಾಗುವುದು ಇನ್ನೊಬ್ಬರ ಕೈ! ಅಲ್ಲಿ ಇನ್ನೊಂದನ್ನೂ ಕಂಡೆ. ಒಬ್ಬ ಮೆಕ್ಯಾನಿಕ್ಕು ಬಾನೆಟ್ಟು ಮುಚ್ಚಿ ಪಿನ್ನು ಹಾಕಿದ. ಅವನಿಗಿಂತ ಚಿಕ್ಕವನೊಬ್ಬ ಬಂದು ಅದೇ ಪಿನ್ನನ್ನು ಎಳೆದು ನೋಡಿದ. ಮೊದಲಿನವನ ಮುಖದಲ್ಲಿ ಬೇಸರವೇನೂ ಕಾಣಲಿಲ್ಲ.

ಉಣುಗೋಲಿನ ಕಾಲದವರಿಗೂ ಇದು ಗೊತ್ತಿತ್ತು. ಮುಂದೆ ಹೋದವನು ಗಳು ಹಾಕಿದ್ದರೂ ಹಿಂದೆ ಬಂದವನು ಕೈಯಿಂದೊಮ್ಮೆ ಒತ್ತಿ ಹೋಗುತ್ತಿದ್ದ. ಅದನ್ನು ಅವಮಾನವೆಂದು ಯಾರೂ ಎಣಿಸಿದ್ದಿಲ್ಲ.

ನನ್ನ ಜೀಪು ಇನ್ನೂ ಓಡುತ್ತಿದೆ. ಈಗಿನ ಹುಡುಗನಿಗೆ ಮೊದಲ ದಿನವೇ ಹೇಳಿದ್ದೇನೆ: ನಾನು ಕೊಂಡಿ ಹಾಕಿದ ಮೇಲೆ ನೀನು ನೋಡಬೇಕು. ಮೊದಮೊದಲು ಅವನಿಗೆ ಸಂಕೋಚವಾಗುತ್ತಿತ್ತು. ನಿಜ ಹೇಳಿದರೆ, ನನಗೂ. ಈಗ ಅವನು ಎರಡು ಪಕ್ಕವನ್ನೂ ಎಳೆದು ನೋಡಿ "ಹೂಂ" ಅಂದ ಮೇಲೆಯೇ ನಾನು ಗೇರು ಹಾಕುವುದು. ಹೋದ ವಾರ ಅವನು "ಹೂಂ" ಅನ್ನಲಿಲ್ಲ. ಇಳಿದು ನೋಡಿದೆ, ಎಡಗಡೆಯ ಕೊಂಡಿ ನೇತಾಡುತ್ತಿತ್ತು.