ತೊರೆದ ಮಣ್ಣಿನ ಋಣ

ಹುಟ್ಟಿದ ದೇಶವನ್ನು ಮನುಷ್ಯನು ತೊರೆಯಬಹುದೆ ಎಂಬ ಪ್ರಶ್ನೆಯನ್ನು ಅಮೆರಿಕದ ಶಾಸನಕರ್ತರು 1868ರಲ್ಲಿಯೇ ಇತ್ಯರ್ಥಗೊಳಿಸಿದರು. ಯೂರೋಪಿನಿಂದ ವಲಸೆ ಬಂದವರನ್ನು ಹಳೆಯ ಪ್ರಭುತ್ವಗಳು ಇನ್ನೂ ತಮ್ಮ ಪ್ರಜೆಗಳೆಂದೇ ಎಣಿಸುತ್ತಿದ್ದ ಆ ಕಾಲದಲ್ಲಿ, ಒಂದು ದೇಶದ ಪೌರತ್ವವನ್ನು ಬಿಟ್ಟು ಇನ್ನೊಂದನ್ನು ಸೇರುವುದು ಸಕಲ ಜನರಿಗೂ ಸಹಜವಾಗಿ ಬಂದ ಹಕ್ಕೆಂದು ಅವರು ಕಾನೂನಿನಲ್ಲಿಯೇ ಸಾರಿದರು. ಬರುವವರ ರಕ್ಷಣೆಗಾಗಿ ಹುಟ್ಟಿದ ಆ ಮಾತು ಈಗ ಹೋಗಬಯಸುವವರಿಗೆ ಆಸರೆಯಾಗಿದೆ. ಆಸ್ಪತ್ರೆಯ ಬಿಲ್ಲಿಗೆ ಹೆದರಿದವರು, ಮಗುವನ್ನು ಶಾಲೆಗೆ ಕಳುಹಿಸಿ ಅದು ಮರಳುವವರೆಗೆ ಬಂದೂಕಿನ ಭಯದಲ್ಲಿ ಕುಳಿತವರು, ಚುನಾವಣೆಯ ಫಲಿತಾಂಶವನ್ನು ಕಂಡು ಇದು ನಮ್ಮ ದೇಶವಲ್ಲವೆಂದು ನೊಂದವರು, ಪೋರ್ಚುಗಲ್ಲಿಗೋ ಮೆಕ್ಸಿಕೋವಿಗೋ ಕೆನಡಕ್ಕೋ ಹೋಗಿ ನೆಲಸುವ ವಿಚಾರವನ್ನು ಊಟದ ಮೇಜಿನಲ್ಲಿ ಮಾತನಾಡುತ್ತಿದ್ದಾರೆ. ನಮ್ಮ ಮಕ್ಕಳು ಅದೇ ದೇಶದ ವೀಸಾಕ್ಕಾಗಿ ವರ್ಷಗಟ್ಟಲೆ ಕಾಯುತ್ತಿರುವಾಗ ಅವರ ಈ ದುಗುಡ ನಮಗೆ ವಿಚಿತ್ರವೆನಿಸಬಹುದು. ಆದರೆ ಮನೆಯೊಳಗಿನ ಹೊಗೆ ಒಳಗಿರುವವನಿಗೇ ಗೊತ್ತು.

ಕಾನೂನು ಕೊಟ್ಟ ಅಪ್ಪಣೆಯಿಂದ ಧರ್ಮದ ಪ್ರಶ್ನೆ ಮುಗಿಯದು. ಇದನ್ನು ಕುರಿತು ಯೋಚಿಸುವಾಗ ನನಗೆ ಕನ್ನಡದಲ್ಲಿ ನಿತ್ಯವೂ ಆಡುವ ಒಂದು ಮಾತು ನೆನಪಾಗುತ್ತದೆ. ಊರು ಬಿಟ್ಟು ಹೊರಟವನು 'ಈ ಊರಿನ ಅನ್ನದ ಋಣ ತೀರಿತು' ಎನ್ನುತ್ತಾನೆ. ಸಾಲವಾದರೆ ಪತ್ರವುಂಟು, ಬಡ್ಡಿಯುಂಟು, ಕೊನೆಯ ಕಂತುಂಟು. ಅಮೆರಿಕದ ಸರ್ಕಾರವೂ ಅಂಥ ಲೆಕ್ಕವನ್ನು ಇಟ್ಟುಕೊಂಡಿದೆ: ಪ್ರಜೆಯು ಭೂಮಿಯ ಯಾವ ಮೂಲೆಯಲ್ಲಿ ಗಳಿಸಿದರೂ ವರ್ಷವರ್ಷವೂ ಆದಾಯದ ವಿವರವನ್ನು ಅದಕ್ಕೆ ಒಪ್ಪಿಸಬೇಕು, ಆ ನಂಟನ್ನು ಕಡಿದುಕೊಳ್ಳಬೇಕೆಂದರೆ ಪರದೇಶದ ರಾಯಭಾರ ಕಚೇರಿಯೊಂದರಲ್ಲಿ ಅಧಿಕಾರಿಯ ಎದುರು ನಿಂತು, ಇನ್ನು ನಾನು ಈ ದೇಶದವನಲ್ಲವೆಂದು ಪ್ರಮಾಣ ಮಾಡಬೇಕು. ಋಣವೆಂಬುದು ಇದರಿಂದ ಬೇರೆಯಾದುದು.

ಮನುಷ್ಯನು ಹುಟ್ಟುವಾಗಲೇ ಋಣವನ್ನು ಹೊತ್ತು ಬರುತ್ತಾನೆಂದು ಶತಪಥ ಬ್ರಾಹ್ಮಣವು ಹೇಳುತ್ತದೆ. ದೇವತೆಗಳ ಋಣ, ಋಷಿಗಳ ಋಣ, ಪಿತೃಗಳ ಋಣ ಇವುಗಳೊಡನೆ ಮನುಷ್ಯರ ಋಣವನ್ನೂ ಅದು ಎಣಿಸಿ, ಆಶ್ರಯವನ್ನೂ ಅನ್ನವನ್ನೂ ನೀಡುವುದೇ ಈ ಕಡೆಯದನ್ನು ಸಲ್ಲಿಸುವ ಬಗೆಯೆಂದು ವಿಧಿಸುತ್ತದೆ. ಈ ಪಟ್ಟಿಯಲ್ಲಿ ಅರಸನ ಋಣವಿಲ್ಲ, ರಾಜ್ಯದ ಋಣವಿಲ್ಲ ಎಂಬುದು ನನಗೆ ಬಹು ಮುಖ್ಯವಾಗಿ ಕಂಡಿದೆ. ಗಡಿಯನ್ನು ದಾಟಿದವನು ರಾಜ್ಯಕ್ಕೆ ದ್ರೋಹ ಮಾಡಿದನೆನ್ನುವುದು ಆದುದರಿಂದ ಸಲ್ಲದು. ಆದರೆ ಯಾವ ಗಡಿಯನ್ನು ದಾಟಿದರೂ ಮನುಷ್ಯರ ಋಣ ಅವನನ್ನು ಬಿಡದು.

ಸಾಕ್ರಟೀಸನು ಸೆರೆಮನೆಯಿಂದ ಓಡಿಹೋಗಲು ಒಪ್ಪದೆ ವಿಷವನ್ನು ಕುಡಿದನಲ್ಲ ಎಂದು ಯಾರಾದರೂ ಕೇಳಬಹುದು. ಪ್ಲೇಟೋ ಬರೆದ 'ಕ್ರಿಟೋ' ಸಂವಾದದಲ್ಲಿ ಅಥೆನ್ಸಿನ ಕಾನೂನುಗಳೇ ಮೂರ್ತಿವೆತ್ತು ಮಾತನಾಡುತ್ತವೆ. ಆದರೆ ಅವು ಆಕ್ಷೇಪಿಸುವುದು ತೀರ್ಪಾದ ಮೇಲೆ ಕದ್ದು ಓಡುವುದನ್ನು. ಈ ನಗರ ಒಪ್ಪಿಗೆಯಾಗದವನು ತನ್ನ ಆಸ್ತಿಯೊಡನೆ ಬೇಕಾದೆಡೆಗೆ ಹೋಗಬಹುದಿತ್ತೆಂದು ಅವೇ ಹೇಳುತ್ತವೆ. ಬಾಗಿಲು ತೆರೆದಿತ್ತೆಂಬುದನ್ನು ಸಾಕ್ರಟೀಸನ ಭಕ್ತರು ಹೆಚ್ಚಾಗಿ ಮರೆಯುತ್ತಾರೆ.

ತೆರೆದ ಬಾಗಿಲಿನಿಂದ ಹೊರಟವರಲ್ಲಿ ಅಮೆರಿಕದ ಲೇಖಕ ಜೇಮ್ಸ್ ಬಾಲ್ಡ್‌ವಿನ್ನರ ಕಥೆ ನನ್ನನ್ನು ಬಹುಕಾಲದಿಂದ ಕಾಡಿದೆ. ಹಾರ್ಲೆಮಿನ ಕಪ್ಪು ಯುವಕ, ವಯಸ್ಸು 24, ಜೇಬಿನಲ್ಲಿ 40 ಡಾಲರು. 1948ರ ನವೆಂಬರಿನಲ್ಲಿ ಪ್ಯಾರಿಸಿಗೆ ಬಂದಿಳಿದರು. ಮೂರು ವರ್ಷಗಳ ಬಳಿಕ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನ ಹಿಮದ ಹಳ್ಳಿಯೊಂದರಲ್ಲಿ, ಅದುವರೆಗೆ ಕಪ್ಪು ಮನುಷ್ಯನನ್ನೇ ಕಾಣದಿದ್ದ ಜನರ ನಡುವೆ, ಒಂದು ಟೈಪ್‌ರೈಟರನ್ನೂ ಬೆಸ್ಸಿ ಸ್ಮಿತ್ ಹಾಡಿದ ಎರಡು ಗ್ರಾಮಫೋನ್ ತಟ್ಟೆಗಳನ್ನೂ ಇಟ್ಟುಕೊಂಡು ಕುಳಿತರು. ಹಾರ್ಲೆಮಿನಲ್ಲಿದ್ದಾಗ ನಾಚಿಕೊಂಡು ಕೇಳದೆ ಬಿಟ್ಟ ಆ ಹಾಡು, ಬಾಲ್ಯದ ತಮ್ಮ ಮಾತಿನ ಧಾಟಿಯನ್ನು ಅಲ್ಲಿ ಮರಳಿಸಿತು; ತಂದೆಯ ಮನೆಯನ್ನೂ ಪ್ರಾರ್ಥನಾ ಮಂದಿರವನ್ನೂ ಕುರಿತ ಮೊದಲ ಕಾದಂಬರಿ ಆ ಹಿಮದಲ್ಲಿ ಮುಗಿಯಿತು. 1957ರಲ್ಲಿ ಅವರು ಹಿಂದಿರುಗಿ, ಅದುವರೆಗೆ ಕಂಡಿರದ ದಕ್ಷಿಣದ ಸಂಸ್ಥಾನಗಳಿಗೆ ಹೋದರು. ಅಲ್ಲಿ ಕಪ್ಪು ಮಕ್ಕಳು ಬಿಳಿಯರ ಶಾಲೆಗಳ ಮೆಟ್ಟಿಲನ್ನು ಏರುತ್ತಿದ್ದರು. ದೂರ ಹೋದುದು ಅವರನ್ನು ತಮ್ಮ ಜನರಿಂದ ಅಗಲಿಸಲಿಲ್ಲ. ಕಪ್ಪು ಜನರ ಮುಂದಾಳು ಡಬ್ಲ್ಯು. ಇ. ಬಿ. ಡುಬಾಯ್ಸರಾದರೋ 93ನೆಯ ವಯಸ್ಸಿನಲ್ಲಿ ಘಾನಾಕ್ಕೆ ಹೋಗಿ ಮರಳಲೇ ಇಲ್ಲ. 1963ರ ಆಗಸ್ಟ್ 27ರಂದು, ಕಪ್ಪು ಜನರ ಹಕ್ಕುಗಳಿಗಾಗಿ ನಡೆದ ವಾಷಿಂಗ್ಟನ್ನಿನ ಮಹಾ ಮೆರವಣಿಗೆಯ ಹಿಂದಿನ ದಿನ, ಅವರು ಆಕ್ರಾದಲ್ಲಿ ತೀರಿಕೊಂಡರು. ಆಯುಷ್ಯವನ್ನೆಲ್ಲ ತಮ್ಮ ಜನಕ್ಕಾಗಿ ಸವೆಸಿದ ಆ ವೃದ್ಧರನ್ನು ಬಿಟ್ಟುಹೋದವರೆನ್ನಲು ನನಗೆ ನಾಲಗೆ ಬಾರದು.

ಬಿಟ್ಟುಬಂದವರ ಋಣ ಹೀಗಾದರೆ, ಹೋಗಿ ಸೇರಿದೆಡೆಯ ಋಣವನ್ನು ಯಾರು ನೆನೆಯುತ್ತಾರೆ? ಹೋಗುವ ನಾಡು ಖಾಲಿ ಬಯಲಲ್ಲ. ಮೆಕ್ಸಿಕೋ ನಗರದ ರೋಮಾ, ಕೊಂಡೇಸಾ ಬಡಾವಣೆಗಳಲ್ಲಿ ಡಾಲರಿನಲ್ಲಿ ಸಂಬಳ ಪಡೆಯುವವರು ಬಂದು ನೆಲಸತೊಡಗಿದಂತೆ ಮನೆಬಾಡಿಗೆ ಏರಿತು, ಹಳೆಯ ಬಾಡಿಗೆದಾರರು ಜಾಗ ಬಿಡಬೇಕಾಯಿತು. 2025ರ ಜುಲೈಯಲ್ಲಿ ಅಲ್ಲಿನ ಜನ ಬೀದಿಗಿಳಿದು ಪ್ರತಿಭಟಿಸಿದರು. ತನ್ನ ದೇಶದ ಅನ್ಯಾಯಕ್ಕೆ ಬೇಸತ್ತು ಬಂದ ಸಜ್ಜನನೇ, ತನಗರಿಯದೆ, ಮತ್ತೊಬ್ಬರ ಒಲೆಯನ್ನು ಬೀದಿಗೆ ತಂದಂತಾಯಿತು. ಅಗ್ಗದ ಬಾಳನ್ನು ಹುಡುಕಿ ಹೋಗುವವನು, ಅದು ಯಾರಿಗೆ ಅಗ್ಗ, ಯಾರಿಗೆ ತುಟ್ಟಿ ಎಂದು ಕೇಳಿಕೊಳ್ಳದೆ ಹೋದರೆ ಅವನು ಅತಿಥಿಯೂ ಆಗಲಾರ, ನೆರೆಯವನೂ ಆಗಲಾರ.

ನೆರೆಯವರಾದ ಅಮೆರಿಕನ್ನರೊಬ್ಬರನ್ನು ನಮ್ಮ ದೇಶವೇ ಕಂಡಿದೆ. ಫಿಲಡೆಲ್ಫಿಯದ ಸಿರಿವಂತ ಕ್ವೇಕರ್ ಮನೆತನದ ಸ್ಯಾಮ್ಯುಯಲ್ ಸ್ಟೋಕ್ಸರು 1904ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಹಿಮಾಲಯದ ತಪ್ಪಲಿಗೆ ಬಂದು, ಸಿಮ್ಲಾದಿಂದಾಚೆಗಿನ ಕೋಟ್‌ಗಢದಲ್ಲಿ ನೆಲಸಿ, ಅಲ್ಲಿಯ ಹೆಣ್ಣನ್ನೇ ಮದುವೆಯಾದರು. ಸಾಹೇಬರ ಸಾಮಾನನ್ನು ಹೊರಲು ಬೆಟ್ಟದ ರೈತರನ್ನು ಹೊಲದಿಂದ ಎಳೆದೊಯ್ಯುತ್ತಿದ್ದ 'ಬೇಗಾರ್' ಎಂಬ ಬಿಟ್ಟಿ ದುಡಿಮೆಯನ್ನು ಅವರು ಆ ರೈತರ ಜೊತೆಗೆ ನಿಂತು ಎದುರಿಸಿದರು. 1921ರಲ್ಲಿ ರಾಷ್ಟ್ರೀಯ ಚಳವಳಿಗಾಗಿ ಬ್ರಿಟಿಷರ ಸೆರೆಯನ್ನು ಸೇರಿದರು. 1932ರಲ್ಲಿ ಹಿಂದೂ ಧರ್ಮವನ್ನು ಸ್ವೀಕರಿಸಿ ಸತ್ಯಾನಂದರೆಂಬ ಹೆಸರನ್ನು ಪಡೆದರು. ಇವೆಲ್ಲಕ್ಕಿಂತ ನನ್ನ ಮನಸ್ಸು ನಿಲ್ಲುವುದು ಒಂದು ಸಣ್ಣ ಸಂಗತಿಯಲ್ಲಿ. ತಾವು ತೊರೆದ ದೇಶದಿಂದ ಸೇಬಿನ ಸಸಿಗಳನ್ನು ತರಿಸಿ, ಆ ಇಳಿಜಾರಿನಲ್ಲಿ ನೆಟ್ಟು, ಫಲ ಬಿಟ್ಟ ಮೇಲೆ ನೆರೆಹೊರೆಯ ರೈತರಿಗೂ ಸಸಿಗಳನ್ನು ಕೊಟ್ಟು ಬೆಳೆಸುವುದನ್ನು ಕಲಿಸಿದರು. ಸ್ಟೋಕ್ಸರು 1946ರಲ್ಲಿ ಗತಿಸಿದರು. ಕೋಟ್‌ಗಢದ ಇಳಿಜಾರುಗಳಲ್ಲಿ ಮಳೆಗಾಲ ಕಳೆಯುವ ಹೊತ್ತಿಗೆ ಇಂದಿಗೂ ಸೇಬಿನ ಕೊಯ್ಲು ನಡೆಯುತ್ತದೆ.