ಎಚ್ಚರವಾಗಿರುವುದೂ ಪ್ರೀತಿಯೇ



ರಾತ್ರಿ ಪಾಳಿಗೆ ಹೊರಟ ಮಗನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ, "ದೇವರು ಕಾಯಲಪ್ಪ" ಎಂದು ಬಾಗಿಲವರೆಗೆ ಬಂದು ಕಳುಹಿಸುವ ತಾಯಂದಿರು ನಮ್ಮ ಹೊಸಪೇಟೆ, ಸಂಡೂರು ಕಡೆಯ ಮನೆಗಳಲ್ಲಿ ಬಹಳ ಮಂದಿ ಇದ್ದಾರೆ. ಮಗ ಹೋಗುವುದು ತೋರಣಗಲ್ಲಿನ ಉಕ್ಕಿನ ಕೆಲಸಕ್ಕೆ. ಊದುಕುಲುಮೆಯಿಂದ ಹೊರಬರುವ ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನೊಡನೆ ಒಳಹೊಕ್ಕು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ಮನುಷ್ಯನಿಗೆ ತಲೆ ಭಾರವಾದಂತೆ, ನಿದ್ದೆ ಬಂದಂತೆ ಅನಿಸುತ್ತದೆ. ಹಲವು ಸಲ ಆ ನಿದ್ದೆಯಿಂದ ಎಚ್ಚರವಾಗುವುದೇ ಇಲ್ಲ. ಉಕ್ಕಿನ ಕೆಲಸವೊಂದೇ ಅಲ್ಲ. ಮದ್ಯಸಾರ ಬಟ್ಟಿ ಇಳಿಸುವಲ್ಲಿ ಬೆಂಕಿಯ ಭಯ, ಐಸ್ ಫ್ಯಾಕ್ಟರಿಯಲ್ಲಿ ಅಮೋನಿಯದ ಭಯ. ನಾವು ಕುಡಿಯುವ ನೀರನ್ನು ಶುದ್ಧಮಾಡುವ ಕ್ಲೋರಿನ್ ಕೂಡ ಸಿಲಿಂಡರಿನಿಂದ ಸೋರಿದರೆ ಕೊಲ್ಲುವ ವಿಷವೇ.

"ದೇವರು ಕಾಯಲಿ" ಎಂಬ ಪ್ರಾರ್ಥನೆ ಒಳ್ಳೆಯದು, ಅದನ್ನು ಬಿಡಬಾರದು. ಆದರೆ ಅದರ ಬೆನ್ನಿಗೆ ಒಂದು ಪ್ರಶ್ನೆ ಏಳುತ್ತದೆ. ದೇವರು ಕಾಯುವುದು ಯಾರ ಕೈಯಿಂದ? ಕಾಯಬೇಕಾದ ಕೈಗಳು ಕಾಯದೆ ಹೋದಾಗ ಅದು ಅಪಘಾತವೋ, ಪಾಪವೋ?

ಈ ಪ್ರಶ್ನೆ ಕೇಳಿಕೊಳ್ಳಲು 1984ರ ಡಿಸೆಂಬರ್ 2ಕ್ಕೆ ಹಿಂದಿರುಗೋಣ. ಅಂದು ಭಾನುವಾರ, ಆಗಮನ ಕಾಲದ ಮೊದಲನೆಯ ಭಾನುವಾರ. ಆ ದಿನದ ಬಲಿಪೂಜೆಗೆ ಗೊತ್ತಾಗಿದ್ದ ವಾಚನ ಮಾರ್ಕನ ಶುಭಸಂದೇಶದ 13ನೇ ಅಧ್ಯಾಯದ್ದು. ಮನೆಯ ಯಜಮಾನ ಊರಿಗೆ ಹೊರಡುವಾಗ ಆಳುಗಳಿಗೆ ಅವರವರ ಕೆಲಸ ವಹಿಸುತ್ತಾನೆ, ಬಾಗಿಲು ಕಾಯುವವನಿಗೆ ಎಚ್ಚರವಾಗಿರಲು ಹೇಳುತ್ತಾನೆ. ಅವನು ಸಂಜೆ ಬಂದಾನೋ, ನಡುರಾತ್ರಿಯೋ, ಕೋಳಿ ಕೂಗುವ ಹೊತ್ತೋ, ಮುಂಜಾನೆಯೋ ಯಾರಿಗೂ ತಿಳಿಯದು. ಭೋಪಾಲದ ಕ್ರೈಸ್ತರು ಅಂದು ಈ ಶುಭಸಂದೇಶವನ್ನು ಕೇಳಿ ಮನೆಗೆ ಹೋದರು. ಅದೇ ರಾತ್ರಿ, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610ನೇ ತೊಟ್ಟಿಯಿಂದ ಮೀಥೈಲ್ ಐಸೋಸಯನೇಟ್ ಎಂಬ ವಿಷಾನಿಲ ಹೊರನುಗ್ಗಿತು. ಮಲಗಿದ್ದ ಬಡವರ ಕೇರಿಗಳಲ್ಲಿ ಸಾವಿರಾರು ಮಂದಿ ಸತ್ತರು. ಬದುಕಿ ಉಳಿದ ಲಕ್ಷಾಂತರ ಜನರಿಗೆ ಕಣ್ಣಿನ, ಉಸಿರಿನ ಬೇನೆ ಅಂಟಿಕೊಂಡಿತು.

ತೊಟ್ಟಿಯೊಳಗೆ ನೀರು ಸೇರಿ ಆ ರಾಸಾಯನಿಕ ಕುದಿಯತೊಡಗಿತ್ತು. ಹೀಗಾದರೆ ತಡೆಯಲೆಂದೇ ಅಲ್ಲಿ ಒಂದಲ್ಲ, ಹಲವು ಕಾವಲುಗಳಿದ್ದವು. ತೊಟ್ಟಿಯನ್ನು ತಂಪಾಗಿಡುವ ಯಂತ್ರವಿತ್ತು. ತಿಂಗಳುಗಳ ಹಿಂದೆಯೇ ಅದನ್ನು ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಟ್ಟುಬಿಡುವ ಗೋಪುರವಿತ್ತು. ಅದರ ಕೊಳವೆಯನ್ನು ರಿಪೇರಿಗೆಂದು ಬಿಚ್ಚಲಾಗಿತ್ತು. ಅನಿಲವನ್ನು ತೊಳೆದು ವಿಷ ಕಳೆಯುವ ಸಾಧನವಿತ್ತು, ಅದು ಚಾಲನೆಯಲ್ಲಿರಲಿಲ್ಲ. ರಾತ್ರಿ ಪಾಳಿಯಲ್ಲಿ ರಿಪೇರಿ ಕೆಲಸದ ಮೇಲ್ವಿಚಾರಕನ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು. ಹಾಗಾದರೆ ಯಾರೂ ಎಚ್ಚರಿಸಿರಲಿಲ್ಲವೇ? ಎಚ್ಚರಿಸಿದ್ದರು. ಭೋಪಾಲದ ಪತ್ರಕರ್ತ ರಾಜ್‌ಕುಮಾರ್ ಕೇಸ್ವಾನಿ 1982ರಿಂದಲೇ ತಮ್ಮ ಸಣ್ಣ ವಾರಪತ್ರಿಕೆಯಲ್ಲಿ ಈ ಕಾರ್ಖಾನೆಯ ಅಪಾಯವನ್ನು ಬರೆಯುತ್ತ ಬಂದಿದ್ದರು. ಓದಿದವರು ಮರೆತರು. ಒಂದೊಂದು ಕಾವಲನ್ನು ಕಳಚಿದಾಗಲೂ ಏನೂ ಆಗಲಿಲ್ಲ. "ಏನೂ ಆಗಲಿಲ್ಲವಲ್ಲ" ಎಂಬ ಧೈರ್ಯದಲ್ಲಿ ಮುಂದಿನದನ್ನು ಕಳಚಿದರು.

ಈ ಧೈರ್ಯ ನಮಗೂ ಹೊಸದಲ್ಲ. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದನ್ನು ನೀವು ಮರೆತಿಲ್ಲ. ಎಪ್ಪತ್ತು ವರ್ಷ ತಡೆದ ಗೇಟು ಎಂದು ನಾವೆಲ್ಲ ನಿಶ್ಚಿಂತೆಯಿಂದ ಮಲಗಿದ್ದೆವು. ಒಂದು ವಾರ ನೀರು ಹರಿದುಹೋಗುತ್ತಿರುವುದನ್ನು ರೈತರು ದಂಡೆಯಲ್ಲಿ ನಿಂತು ನೋಡಿದರು. ಕೊನೆಗೆ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು. ಅಲ್ಲಿ ಹೋದದ್ದು ನೀರು, ದೇವರ ದಯೆ. ಆದರೆ ಪಾಠ ಒಂದೇ. ಇಷ್ಟು ವರ್ಷ ಏನೂ ಆಗಿಲ್ಲ ಎಂಬುದು ನಾಳೆ ಆಗುವುದಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಸರಪಳಿ ಸವೆಯುವಾಗ ಸದ್ದು ಮಾಡುವುದಿಲ್ಲ.

ಇಂಥ ಸವೆತಕ್ಕೆ ಹೊಣೆ ಯಾರು? ಈ ಪ್ರಶ್ನೆಗೆ ಪವಿತ್ರ ಬೈಬಲ್ ಬಹಳ ನೇರವಾಗಿ ಉತ್ತರ ಕೊಡುತ್ತದೆ. ಹೊಸ ಮನೆ ಕಟ್ಟುವವನು ಮಾಳಿಗೆಗೆ ಸುತ್ತಲೂ ಕುಂಬಿ ಕಟ್ಟಿಸಬೇಕು. ಇಲ್ಲದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತದ ದೋಷ ಮನೆಯ ಮೇಲೆ ಬರುತ್ತದೆ ಎನ್ನುತ್ತದೆ ಧರ್ಮೋಪದೇಶಕಾಂಡದ 22ನೇ ಅಧ್ಯಾಯ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಕ್ಕಳನ್ನು ಮಲಗಿಸಿಕೊಳ್ಳುವ ನಮ್ಮ ಬಳ್ಳಾರಿ ಸೀಮೆಯವರಿಗೆ ಈ ಆಜ್ಞೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೀಳುವವನು ನನ್ನ ಮಗನೇ ಆಗಬೇಕೆಂದಿಲ್ಲ, ಬಂದ ನೆಂಟನಾಗಬಹುದು, ಕೂಲಿಯವನಾಗಬಹುದು. ಅವನು ಬೀಳದಂತೆ ಮೊದಲೇ ಯೋಚಿಸುವುದು ನನ್ನ ಧರ್ಮ.

ವಿಮೋಚನಾಕಾಂಡದ 21ನೇ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ. ಹೋರಿಯೊಂದು ಇದ್ದಕ್ಕಿದ್ದಂತೆ ಹಾಯ್ದು ಒಬ್ಬನನ್ನು ಕೊಂದರೆ ಅದರ ಯಜಮಾನ ತಪ್ಪಿತಸ್ಥನಲ್ಲ. ಆದರೆ ಅದು ಹಾಯುವ ಹೋರಿ ಎಂದು ಮೊದಲೇ ಜನ ಹೇಳಿದ್ದರೂ ಅವನು ಕಟ್ಟಿಹಾಕದೆ ಇದ್ದರೆ ಅವನೂ ಅಪರಾಧಿ. ತಿಳಿಯದೆ ಆದದ್ದಕ್ಕೂ ತಿಳಿದೂ ಬಿಟ್ಟದ್ದಕ್ಕೂ ಇರುವ ವ್ಯತ್ಯಾಸ ಇದು. 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಇದನ್ನೇ ತರ್ಕಬದ್ಧವಾಗಿ ವಿವರಿಸಿದರು. ನ್ಯಾಯವಾದ ಕೆಲಸದಲ್ಲಿ ತೊಡಗಿ, ತೆಗೆದುಕೊಳ್ಳಬೇಕಾದ ಎಚ್ಚರಿಕೆಯನ್ನೆಲ್ಲ ತೆಗೆದುಕೊಂಡರೂ ಸಾವು ಸಂಭವಿಸಿದರೆ ಅವನು ಕೊಲೆಗಾರನಲ್ಲ. ತಕ್ಕ ಎಚ್ಚರಿಕೆ ವಹಿಸದಿದ್ದರೆ ಆ ದೋಷದಿಂದ ಅವನು ಪಾರಾಗಲಾರ. ನಮ್ಮ ಸುಪ್ರೀಂ ಕೋರ್ಟ್ ಕೂಡ 1986ರ ಡಿಸೆಂಬರ್‌ನಲ್ಲಿ, ದೆಹಲಿಯ ಓಲಿಯಂ ಸೋರಿಕೆಯ ಮೊಕದ್ದಮೆಯಲ್ಲಿ, ಅಪಾಯಕಾರಿ ಉದ್ಯಮ ನಡೆಸುವವನ ಹೊಣೆ ಪೂರ್ಣವಾದುದು, ಅದನ್ನು ಇನ್ನೊಬ್ಬರ ಮೇಲೆ ಹೊರಿಸಿ ತಪ್ಪಿಸಿಕೊಳ್ಳುವಂತಿಲ್ಲ ಎಂದು ಹೇಳಿತು. ಅಪಾಯದಿಂದ ಲಾಭ ಪಡೆಯುವವನೇ ಅಪಾಯವನ್ನು ಕಟ್ಟಿಹಾಕಬೇಕು. ಕಟ್ಟಿಹಾಕುವುದಕ್ಕಿಂತ ಒಳ್ಳೆಯ ದಾರಿ ಹೋರಿಯನ್ನೇ ಸಾಕದಿರುವುದು. ಭೋಪಾಲದಲ್ಲಿ ಸೋರಿದ ವಿಷ ಮಾರುವ ಸರಕೇ ಅಲ್ಲ, ಕೀಟನಾಶಕ ತಯಾರಿಸುವ ನಡುಹಂತದ ವಸ್ತು. ಅಷ್ಟನ್ನು ಕೂಡಿಡುವ ಅಗತ್ಯವಿರಲಿಲ್ಲ. ಕೂಡಿಡದ ವಿಷ ಸೋರಲಾರದು.

ಇದೆಲ್ಲ ದೊಡ್ಡ ಯಜಮಾನರಿಗೆ ಸೇರಿದ ಮಾತು, ನಮಗಲ್ಲ ಎಂದು ನೀವು ಅಂದುಕೊಳ್ಳಬಹುದು. ಸ್ವಲ್ಪ ತಾಳಿ. ಪ್ರತಿ ಬಲಿಪೂಜೆಯ ಆರಂಭದಲ್ಲಿ ನಾವು ಯೋಚನೆ, ಮಾತು, ಕೃತ್ಯಗಳ ಪಾಪಗಳ ಜೊತೆಗೆ ಕರ್ತವ್ಯಲೋಪದ ಪಾಪವನ್ನೂ ಒಪ್ಪಿಕೊಳ್ಳುತ್ತೇವೆ. ಪಾಪನಿವೇದನೆಗೆ ಮೊದಲು ಆತ್ಮಶೋಧನೆ ಮಾಡುವಾಗ ಪೂಜೆ ತಪ್ಪಿಸಿದ್ದು, ಸಿಟ್ಟು ಮಾಡಿದ್ದು, ಸುಳ್ಳು ಹೇಳಿದ್ದು ನೆನಪಿಗೆ ಬರುತ್ತವೆ. ಕವಾಟವನ್ನು ನೋಡದೆಯೇ "ನೋಡಿದೆ" ಎಂದು ಪುಸ್ತಕದಲ್ಲಿ ಹಾಕಿದ ಸಹಿ ನೆನಪಿಗೆ ಬರುತ್ತದೆಯೇ? ಪದೇ ಪದೇ ಕೂಗುತ್ತದೆಂದು ಎಚ್ಚರಿಕೆ ಗಂಟೆಯ ತಂತಿ ಕಿತ್ತದ್ದು? ಮನೆಗೆ ಹೋಗುವ ಅವಸರದಲ್ಲಿ, ಮುಂದಿನ ಪಾಳಿಯವನಿಗೆ "ಆ ಪಂಪು ಬಿಚ್ಚಿದೆ, ಚಾಲೂ ಮಾಡಬೇಡ" ಎಂದು ಹೇಳದೆ ಹೋದದ್ದು? 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ತೈಲ ವೇದಿಕೆಯಲ್ಲಿ ಇಂಥ ಒಂದು ಮಾತು ಪಾಳಿಯಿಂದ ಪಾಳಿಗೆ ದಾಟದೆ ಹೋಯಿತು. ಬೆಂಕಿಯಲ್ಲಿ 167 ಮಂದಿ ತೀರಿಕೊಂಡರು. ನೋಡದೆ ಹಾಕುವ ಸಹಿ ಎಂಟನೆಯ ಕಟ್ಟಳೆಗೆ ವಿರುದ್ಧವಾದ ಸುಳ್ಳುಸಾಕ್ಷಿ. ಅದು ಐದನೆಯ ಕಟ್ಟಳೆಯನ್ನೂ ಮುಟ್ಟುತ್ತದೆ. ತಕ್ಕ ಕಾರಣವಿಲ್ಲದೆ ಒಬ್ಬರನ್ನು ಪ್ರಾಣಾಪಾಯಕ್ಕೆ ಒಡ್ಡುವುದನ್ನು ಧರ್ಮಸಭೆ 1992ರ ಧರ್ಮೋಪದೇಶ ಗ್ರಂಥದಲ್ಲಿ ಈ ಕಟ್ಟಳೆಯ ಕೆಳಗೇ ಇಟ್ಟಿದೆ.

ಇಲ್ಲಿ ನಾನು ಒಂದು ಕಷ್ಟವನ್ನು ಮರೆಮಾಚಬಾರದು. ಗುತ್ತಿಗೆ ಕೂಲಿಯವನೊಬ್ಬ, "ಸ್ವಾಮಿ, ಇದು ಅಪಾಯ, ನಾನು ಇಳಿಯುವುದಿಲ್ಲ ಎಂದರೆ ನಾಳೆ ನನ್ನನ್ನು ಗೇಟಿನೊಳಗೆ ಬಿಡುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದಾರೆ" ಎಂದರೆ ಏನು ಹೇಳುವುದು? ಪೀಠದಿಂದ ಬುದ್ಧಿ ಹೇಳುವುದು ಸುಲಭ, ಕೂಲಿ ಕಳೆದುಕೊಳ್ಳುವವನು ಅವನು. ಹೊಟ್ಟೆಪಾಡಿಗಾಗಿ ಅಂಜಿ ಇಳಿದವನ ಹೊಣೆ, ಅವನನ್ನು ಅಂಜಿಸಿ ಇಳಿಸಿದವನ ಹೊಣೆಗಿಂತ ಬಹಳ ಹಗುರ. ಜಗದ್ಗುರು ಎರಡನೇ ಜಾನ್ ಪೌಲರು 1981ರಲ್ಲಿ ದುಡಿಮೆಯನ್ನು ಕುರಿತು ಬರೆದ ವಿಶ್ವಪತ್ರದಲ್ಲಿ, ಬಂಡವಾಳಕ್ಕಿಂತ ದುಡಿಯುವ ಮನುಷ್ಯ ಮೇಲು ಎಂದರು. ದೇಹಕ್ಕೆ ಕೇಡಾಗದ ಕೆಲಸದ ಸ್ಥಳ ಕಾರ್ಮಿಕನ ಹಕ್ಕು ಎಂದರು. ಹಕ್ಕನ್ನು ಒಬ್ಬನೇ ಕೇಳಿದರೆ ಮೊಂಡುತನವೆನಿಸುತ್ತದೆ, ಹತ್ತು ಮಂದಿ ಕೂಡಿ ಕೇಳಿದರೆ ಕೇಳುವ ಕಿವಿ ಇರುತ್ತದೆ. ಕೆಲಸ ಹೋದವನ ಮನೆಗೆ ಅಕ್ಕಿ ತಲುಪಿಸುವ ಧರ್ಮಕೇಂದ್ರವಿದ್ದರೆ ಸತ್ಯ ಹೇಳುವ ಧೈರ್ಯ ಅವನಿಗೆ ಬರುತ್ತದೆ. ಅವನಿಗೆ ಬುದ್ಧಿ ಹೇಳುವ ಮೊದಲು ನಾವು ಇದಕ್ಕೆ ಸಿದ್ಧರಿದ್ದೇವೆಯೇ ಎಂದು ಕೇಳಿಕೊಳ್ಳಬೇಕು.

ಇನ್ನೊಂದು ಪ್ರಶ್ನೆ ಇದಕ್ಕಿಂತ ನೋವಿನದು. 2022ರ ಏಪ್ರಿಲ್ 17, ಪ್ರಭುವಿನ ಪುನರುತ್ಥಾನದ ಹಬ್ಬದ ದಿನ. ಅಂದು ಸಂಜೆ ಮಂಗಳೂರು ವಿಶೇಷ ಆರ್ಥಿಕ ವಲಯದ ಒಂದು ಮೀನು ಸಂಸ್ಕರಣಾ ಘಟಕದಲ್ಲಿ ತ್ಯಾಜ್ಯದ ತೊಟ್ಟಿಯೊಳಗೆ ಒಬ್ಬ ಕಾರ್ಮಿಕ ಪ್ರಜ್ಞೆ ತಪ್ಪಿ ಬಿದ್ದ. ಅವನನ್ನು ಎತ್ತಲು ಜೊತೆಗಾರರು ಇಳಿದರು. ವಿಷಗಾಳಿಗೆ ಸಿಕ್ಕಿ ಐದು ಮಂದಿ ತೀರಿಕೊಂಡರು. ದೂರದ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು ಅವರು. ಗೆಳೆಯನಿಗಾಗಿ ಪ್ರಾಣ ಕೊಡುವುದಕ್ಕಿಂತ ದೊಡ್ಡ ಪ್ರೀತಿಯಿಲ್ಲ ಎಂದು ಪ್ರಭು ಕಲಿಸಿದ್ದಾರೆ. ಆ ಜೊತೆಗಾರರ ಪ್ರೀತಿಯನ್ನು ನಾವು ತಲೆಬಾಗಿ ಗೌರವಿಸಬೇಕು. ಆದರೂ ಕೇಳಬೇಕು: ಆ ಪ್ರೀತಿಗೆ ಒಂದು ಹಗ್ಗ, ಒಂದು ಮುಖವಾಡ, ಒಂದು ದಿನದ ತರಬೇತಿ ಯಾಕೆ ಸಿಕ್ಕಿರಲಿಲ್ಲ?

ನಮ್ಮ ಹಿರಿಯರಿಗೆ ಈ ವಿದ್ಯೆ ಗೊತ್ತಿತ್ತು. ಜೋಳ ತುಂಬಿಟ್ಟ ಹಗೇವಿನ ಬಾಯಿ ತೆರೆದ ತಕ್ಷಣ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಹೊತ್ತು ಕಾಯುತ್ತಿದ್ದರು, ದೀಪ ಇಳಿಬಿಟ್ಟು ಅದು ಆರುವುದೋ ಉರಿಯುವುದೋ ನೋಡುತ್ತಿದ್ದರು. ಕಾರ್ಖಾನೆಯ ತೊಟ್ಟಿಗೆ ದೀಪ ಇಳಿಸಬಾರದು, ಅಲ್ಲಿನ ಅನಿಲಕ್ಕೆ ಬೆಂಕಿ ತಗುಲಬಹುದು. ಅಲ್ಲಿ ಗಾಳಿಯನ್ನು ಅಳೆಯುವ ಉಪಕರಣವೇ ಬೇಕು. ಕೊಳೆತ ಕಡೆ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೆಟ್ಟ ಮೊಟ್ಟೆಯಂತೆ ನಾರುತ್ತದೆ, ಹೆಚ್ಚಾದರೆ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ಆದ್ದರಿಂದ ವಾಸನೆ ನಿಂತಿತೆಂದು ಒಳಗೆ ಕಾಲಿಡಬಾರದು. ವಿಧಾನ ಬದಲಾಗಿದೆ, ಹಿರಿಯರ ವಿವೇಕ ಬದಲಾಗಿಲ್ಲ: ಮೊದಲು ಪರೀಕ್ಷಿಸು, ಗಾಳಿಯಾಡಲು ಬಿಡು, ಇಳಿಯುವವನಿಗೆ ಹಗ್ಗ ಕಟ್ಟು, ಬಾಯಲ್ಲಿ ಒಬ್ಬನನ್ನು ನಿಲ್ಲಿಸು. ಬಾಯಲ್ಲಿ ನಿಂತವನು, ಕೆಳಗಿನವನು ಕುಸಿದರೆ ತಾನೂ ಹಾರಬಾರದು. ಕೂಗಬೇಕು, ಹಗ್ಗ ಎಳೆಯಬೇಕು, ಉಸಿರಾಟದ ಸಾಧನ ತೊಟ್ಟವರನ್ನು ಕರೆಯಬೇಕು. ಇದು ಹೇಡಿತನವಲ್ಲ. ದೇವಾಲಯದ ತುದಿಯಿಂದ ಧುಮುಕು, ದೂತರು ಎತ್ತಿಕೊಳ್ಳುತ್ತಾರೆ ಎಂದು ಸೈತಾನ ಹೇಳಿದಾಗ ಯೇಸು ಧುಮುಕಲಿಲ್ಲ. ದೇವರನ್ನು ನಂಬುವುದು ಬೇರೆ, ದೇವರನ್ನು ಪರೀಕ್ಷಿಸುವುದು ಬೇರೆ.

ಪ್ರಿಯರೇ, ಸಂತ ಅಕ್ವಿನಾಸರು ವಿವೇಕವೆಂಬ ಸದ್ಗುಣದ ಅಂಗಗಳನ್ನು ಎಣಿಸುವಾಗ ನೆನಪು, ಮುಂದಾಲೋಚನೆ, ಎಚ್ಚರಿಕೆಗಳನ್ನು ಸೇರಿಸಿದ್ದಾರೆ. ಇವು ಕಾರ್ಖಾನೆಯಲ್ಲಿ ಹೇಗೋ ಮನೆಯಲ್ಲೂ ಹಾಗೆಯೇ. ಮಗ ಕೆಲಸದಿಂದ ಬಂದಾಗ ಸಂಬಳ ಎಷ್ಟು ಬಂತೆಂದು ಕೇಳುವ ನಾವು, "ಅಲ್ಲಿ ಅನಿಲ ಸೋರಿದರೆ ಯಾವ ಕಡೆ ಓಡಬೇಕೆಂದು ಹೇಳಿಕೊಟ್ಟಿದ್ದಾರೇನಪ್ಪ?" ಎಂದೂ ಕೇಳೋಣ. ಕ್ಲೋರಿನ್ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ, ಎತ್ತರದ ಕಡೆಗೆ ಹೋಗಬೇಕೆಂಬುದನ್ನು ಮಕ್ಕಳಿಗೂ ತಿಳಿಸೋಣ. ಅಡುಗೆಮನೆಯ ಗ್ಯಾಸ್ ಪೈಪು ಹಳೆಯದಾಗಿದ್ದರೆ ಇವತ್ತೇ ಬದಲಿಸೋಣ. ಒಬ್ಬರು ಅಪಾಯದ ಮಾತೆತ್ತಿದರೆ "ಅಪಶಕುನ ನುಡಿಯಬೇಡ" ಎಂದು ಬಾಯಿ ಮುಚ್ಚಿಸದಿರೋಣ. ಅಂಥವನ ಬಾಯಿಂದಲೇ ದೇವರು ನಮ್ಮನ್ನು ಎಚ್ಚರಿಸುತ್ತಿರಬಹುದು.

ಇವತ್ತು ರಾತ್ರಿ ನೀವು ಜಪಸರ ಹಿಡಿದು ಕೂತಾಗ ಪಾಳಿಯಲ್ಲಿ ಇರುವವರನ್ನು ನೆನೆಯಿರಿ. ಸಂಜೆ, ನಡುರಾತ್ರಿ, ಕೋಳಿ ಕೂಗುವ ಹೊತ್ತು, ಮುಂಜಾನೆ, ಈ ನಾಲ್ಕು ಜಾವಗಳಲ್ಲೂ ಯಾರೋ ಒಬ್ಬರು ಕಣ್ಣು ತೆರೆದು ಒಂದು ಮುಳ್ಳನ್ನು, ಒಂದು ಕವಾಟವನ್ನು ನೋಡುತ್ತಿರುವುದರಿಂದ ನಾವು ನಿಶ್ಚಿಂತೆಯಿಂದ ಮಲಗುತ್ತೇವೆ. ಆ ಕಣ್ಣುಗಳನ್ನು ಪ್ರಭು ಹರಸಲಿ. ಆ ಕೆಲಸವನ್ನು ಅಗ್ಗವಾಗಿ ಕಾಣದ ಮನಸ್ಸನ್ನು ಯಜಮಾನರಿಗೂ ನಮಗೂ ದಯಪಾಲಿಸಲಿ. ಆಮೆನ್.