ನೋಯದ ಕಾಯಿಲೆಯ ನೋವು

ತೊನ್ನು ನೋಯುವುದಿಲ್ಲ. ಸಾಮಾನ್ಯವಾಗಿ ತುರಿಸುವುದೂ ಇಲ್ಲ. ಪ್ರಾಣಕ್ಕೆ ಅಪಾಯ ತರುವುದಿಲ್ಲ, ಮುಟ್ಟಿದರೆ ಅಂಟುವುದಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಕೋಶಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ಹಗೆಯೆಂದು ಬಗೆದು ನಾಶಮಾಡುತ್ತದೆ, ಆ ಜಾಗ ಬೆಳ್ಳಗಾಗುತ್ತದೆ. ವೈದ್ಯಶಾಸ್ತ್ರದ ಲೆಕ್ಕದಲ್ಲಿ ಆಗುವುದು ಹೆಚ್ಚೂಕಡಿಮೆ ಇಷ್ಟೇ. ಆದರೂ ತೊನ್ನು ಬಂದವರಲ್ಲಿ ಖಿನ್ನತೆ, ಆತಂಕ ಹೆಚ್ಚು. ನೋಯಿಸದ ಕಾಯಿಲೆಗೆ ಇಷ್ಟು ನೋವು ಎಲ್ಲಿಂದ ಬಂತು?

ನನ್ನ ಸೋದರತ್ತೆಯ ಬೆರಳ ತುದಿಗಳಲ್ಲಿ, ಮೊಣಕೈಯಲ್ಲಿ, ತುಟಿಯಂಚಿನಲ್ಲಿ ತೊನ್ನಿತ್ತು. ಚಿತ್ರದುರ್ಗದ ಬೇಸಿಗೆಯಲ್ಲೂ ಅವರು ಮುಂಗೈವರೆಗೆ ತೋಳಿರುವ ರವಿಕೆ ತೊಡುತ್ತಿದ್ದರು. ಮದುವೆಮನೆಯಲ್ಲಿ ಬಡಿಸಲು ನಿಲ್ಲುತ್ತಿರಲಿಲ್ಲ. ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ಬನ್ನಿ ಎಂದು ಕರೆದದ್ದೂ ಇಲ್ಲ. ಒಬ್ಬರು ಹುಳಿ ಬಿಡಿಸಿದರು, ಇನ್ನೊಬ್ಬರು ಹಾಲು ಬಿಡಿಸಿದರು, ಮತ್ತೊಬ್ಬರು ಸರ್ಪಸಂಸ್ಕಾರ ಮಾಡಿಸಿ ಎಂದರು. ಅವರ ಮಗಳಿಗೆ ಗಂಡು ನೋಡುವಾಗ ಬಂದವರ ಕಣ್ಣು ಮೊದಲು ಬಿದ್ದದ್ದು ಹುಡುಗಿಯ ಮುಖದ ಮೇಲಲ್ಲ, ಕಾಫಿ ತಂದಿಟ್ಟ ತಾಯಿಯ ಬೆರಳುಗಳ ಮೇಲೆ. ತೊನ್ನಿಗೆ ಆನುವಂಶಿಕ ಒಲವು ಇರುವುದು ನಿಜ. ಆದರೆ ತೊನ್ನಿರುವ ತಾಯಿತಂದೆಯರ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ಬರುವುದಿಲ್ಲ. ಆ ದಿನ ಈ ಮಾತು ಹೇಳುವವರು ಯಾರೂ ಅಲ್ಲಿರಲಿಲ್ಲ.

ಅತ್ತೆಯನ್ನು ದಣಿಸಿದ್ದು ಏನು ಎಂದು ಬಹಳ ಕಾಲ ಯೋಚಿಸಿದ್ದೇನೆ. ಜನರ ನೋಟವೇ ಎಂದು ಮೊದಲು ಅನ್ನಿಸಿತ್ತು. ಅದಕ್ಕಿಂತ ದೊಡ್ಡದು, ಆ ನೋಟ ಬರುವ ಮೊದಲೇ ಅದಕ್ಕೆ ಸಿದ್ಧರಾಗಿರಬೇಕಾದ ದುಡಿಮೆ ಎಂದು ಈಗ ತಿಳಿದಿದ್ದೇನೆ. ಸಕ್ಕರೆ ಕಾಯಿಲೆಯವರು ತಮಗೆ ಬೇಕಾದವರಿಗೆ ಮಾತ್ರ ಅದನ್ನು ಹೇಳಿಕೊಳ್ಳಬಹುದು. ಚರ್ಮ ಹಾಗಲ್ಲ, ಯಾರ ಅಪ್ಪಣೆಯನ್ನೂ ಕೇಳದೆ ಎಲ್ಲರಿಗೂ ಹೇಳಿಬಿಡುತ್ತದೆ. ಹೊಸ್ತಿಲು ದಾಟುವ ಪ್ರತಿಸಲ ತನ್ನನ್ನು ತಾನೇ ಪರರ ಕಣ್ಣಿನಿಂದ ನೋಡಿಕೊಳ್ಳಬೇಕು. ವರ್ಷಾನುಗಟ್ಟಲೆ ಹೀಗೆ ನೋಡಿಕೊಂಡ ಮನಸ್ಸಿಗೆ, ಯಾರೂ ನೋಡದ ಕೋಣೆಯಲ್ಲೂ ಬಿಡುವು ಸಿಗುವುದಿಲ್ಲ.

ಇದರ ಮೇಲೆ ದೋಷದ ಮಾತು. ನಾಗನಿಗೆ ಕೈಮುಗಿಯುವವರ ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಪ್ರಾರ್ಥನೆಯಿಂದ ಎಷ್ಟೋ ಜನರಿಗೆ ಸಮಾಧಾನ ಸಿಕ್ಕಿದೆ. ಆದರೆ ಕಾಯಿಲೆಯನ್ನು ಯಾವುದೋ ತಪ್ಪಿನ ಫಲ ಎಂದ ಕೂಡಲೇ ರೋಗಿ ಆರೋಪಿಯಾಗುತ್ತಾನೆ. ಮಾಡದ ತಪ್ಪಿಗೆ ತನ್ನೊಳಗೇ ಸಾಕ್ಷಿ ಹುಡುಕತೊಡಗುತ್ತಾನೆ. ಬಿಳಿ ಮಚ್ಚೆ ಮೈಮೇಲಿದ್ದರೂ ಗಾಯ ಆಗುವುದು ಇಲ್ಲಿ.

ಚರ್ಮಕ್ಕೂ ಮನಸ್ಸಿಗೂ ನಂಟು ಹಳೆಯದು. ಗರ್ಭದಲ್ಲಿ ಭ್ರೂಣದ ಒಂದೇ ಹೊರಪದರದಿಂದ ಚರ್ಮದ ಮೇಲ್ಪದರವೂ ಮಿದುಳು, ನರಮಂಡಲಗಳೂ ರೂಪುಗೊಳ್ಳುತ್ತವೆ. ಸೋರಿಯಾಸಿಸ್, ಎಕ್ಸಿಮಾಗಳು ಮನದ ಒತ್ತಡದಲ್ಲಿ ಉಲ್ಬಣಿಸುತ್ತವೆ. ತುರಿಕೆ ನಿದ್ದೆ ಕೆಡಿಸುತ್ತದೆ, ಕೆಟ್ಟ ನಿದ್ದೆ ಮನಸ್ಸನ್ನು ಕುಗ್ಗಿಸುತ್ತದೆ, ಕುಗ್ಗಿದ ಮನಸ್ಸು ತುರಿಕೆಯನ್ನು ತಾಳದೆ ಮತ್ತೆ ಕೆರೆಯುತ್ತದೆ. 1994ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನ ಚರ್ಮವೈದ್ಯ ಆಂಡ್ರ್ಯೂ ಫಿನ್ಲೆ ಮತ್ತು ಅವರ ಸಹೋದ್ಯೋಗಿ ಖಾನ್ ರೋಗಿಗಳಿಗಾಗಿ ಹತ್ತು ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ತುರಿಕೆ, ನೋವು, ಉರಿಯ ಬಗ್ಗೆ ಕೇಳುವುದು ಮೊದಲ ಪ್ರಶ್ನೆ ಮಾತ್ರ. ನಾಚಿಕೆಯಾಯಿತೆ, ಉಡುವ ಬಟ್ಟೆ ಬದಲಾಯಿತೆ, ಅಂಗಡಿಗೆ ಹೋಗಲು ಅಡ್ಡಿಯಾಯಿತೆ, ಗೆಳೆಯರ ಜೊತೆ ತೊಂದರೆಯಾಯಿತೆ ಎಂದು ಮುಂದಿನವು ಬದುಕನ್ನೇ ಕೇಳುತ್ತವೆ. ಅತ್ತೆಯನ್ನು ನೋಡಿದ ವೈದ್ಯರಲ್ಲಿ ಯಾರೂ ಇವುಗಳಲ್ಲಿ ಒಂದನ್ನೂ ಕೇಳಿದ್ದು ನನಗೆ ನೆನಪಿಲ್ಲ. ಮಚ್ಚೆಯ ಅಗಲ ನೋಡಿ ಮುಲಾಮು ಬರೆದುಕೊಟ್ಟರು.

ಮುಲಾಮು ಬೇಕು. ನೇರಳಾತೀತ ಬೆಳಕಿನ ಚಿಕಿತ್ಸೆಯೂ ಇದೆ, ಹರಡುವುದು ನಿಂತ ಮಚ್ಚೆಗಳಿಗೆ ಚರ್ಮಕಸಿಯೂ ಇದೆ. ಆದರೆ ಬಣ್ಣ ಮರಳಲು ತಿಂಗಳುಗಳೇ ಹಿಡಿಯುತ್ತವೆ, ಕೆಲವರಿಗೆ ಪೂರ್ತಿ ಮರಳುವುದೂ ಇಲ್ಲ. ಅಷ್ಟು ಕಾಲ ಕಾಯುವ ಮನಸ್ಸಿಗೂ ಆರೈಕೆ ಬೇಕು. ಚರ್ಮದ ವೈದ್ಯರು ನಿದ್ದೆ ಹೇಗಿದೆ, ಮನಸ್ಸು ಹೇಗಿದೆ ಎಂದು ಕೇಳಲಿ. ಅವರು ಕೇಳದಿದ್ದರೆ ರೋಗಿಯೇ ಸಂಕೋಚ ಬಿಟ್ಟು ಹೇಳಲಿ. ಬದುಕೇ ಬೇಡವೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

ಉಳಿದ ಕೆಲಸ ಕಾಯಿಲೆ ಇಲ್ಲದವರದು. ಕಂಡಕಂಡಲ್ಲಿ ಪಥ್ಯ ಹೇಳಬೇಡಿ, ಕಾರಣ ಕೆದಕಬೇಡಿ. ನಿಮ್ಮ ಮಗುವಿನ ತರಗತಿಯಲ್ಲಿ ಬಿಳಿ ಮಚ್ಚೆಯ ಸಹಪಾಠಿಯಿದ್ದರೆ ಇಂದೇ ಹೇಳಿಕೊಡಿ: ಅದು ಅಂಟುವುದಿಲ್ಲ, ಪಕ್ಕದಲ್ಲೇ ಕೂತು ಬುತ್ತಿ ಹಂಚಿಕೊಂಡು ತಿನ್ನು.